ಮರೆವ್ವನ ಮಸ್ಕತ್ ಫೋನು

ಹನ್ನೊಂದು ವರ್ಷ ಮಸ್ಕತ್‌ನ ಒಂದು ಮನೆಯಲ್ಲಿ ಅಡುಗೆ ಮಾಡಿ, ಆ ಮನೆಯ ಮೂರು ಮಕ್ಕಳನ್ನು ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿ, ಮರೆವ್ವ ಕಳೆದ ವರ್ಷ ಜೋಳದ ಸುಗ್ಗಿಯ ಹೊತ್ತಿಗೆ ಸುರೇಬಾನಕ್ಕೆ ಮರಳಿದಳು. ಹೇಗಿದ್ದೆ, ಅಲ್ಲಿ ರೊಟ್ಟಿ ಸಿಗುತ್ತಿತ್ತೇ, ಮೈಯಲ್ಲಿ ಆರಾಮಿತ್ತೇ ಎಂದು ಕೇಳಿದವರು ಕಡಿಮೆ. ಎಲ್ಲರೂ ಕೇಳಿದ್ದು ಅವಳ ಕೊರಳಲ್ಲಿ ನೇತಾಡುತ್ತಿದ್ದ ಬಟ್ಟೆಯ ಚೀಲದೊಳಗಿನ ಫೋನಿನ ಬಗ್ಗೆ. ಅದು ಯಾವ ಕಂಪನಿಯದು, ಕ್ಯಾಮರಾ ಎಂಥದ್ದು, ನಮ್ಮ ಕಡೆ ನಡೆಯುತ್ತದೋ ಇಲ್ಲವೋ. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಹಾಗೆ ಕೇಳಿದವರಲ್ಲಿ ನಾನೂ ಒಬ್ಬಳಾಗಿದ್ದೆ.

ನಾನು ಮಹಾನಂದಾ. ಊರಿನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಎರಡು ಕಪಾಟು ಪುಸ್ತಕ, ನಾಲ್ಕು ದಿನಪತ್ರಿಕೆ, ಒಂದು ಕಂಪ್ಯೂಟರು. ಮರೆವ್ವ ಮಸ್ಕತ್‌ಗೆ ಹೋಗುವ ಮೊದಲು ನಮ್ಮ ಓಣಿಯವಳೇ. ಗಂಡ ಮುತ್ತಪ್ಪ ಹೊಲದಲ್ಲಿ ಹಾವು ಕಚ್ಚಿ ತೀರಿದಾಗ ಅವಳಿಗೆ ಮೂವತ್ತೆರಡು. ಮಕ್ಕಳಿರಲಿಲ್ಲ. ನಾಲ್ಕು ವರ್ಷ ತವರಿನಲ್ಲಿದ್ದು ಕಂಡವರ ಕಬ್ಬಿನಲ್ಲಿ ಕಳೆ ತೆಗೆದಳು. ಆಮೇಲೆ ಪರಿಚಯದ ನರ್ಸ್ ಒಬ್ಬರು ತಾವು ಕೆಲಸ ಮಾಡುತ್ತಿದ್ದ ಮಸ್ಕತ್‌ನಲ್ಲಿ ಒಂದು ಒಳ್ಳೆಯ ಮನೆ ಇದೆ, ಬರುತ್ತೀಯಾ ಎಂದರು. ಮೂರನೆಯ ಇಯತ್ತೆ ಓದಿದ ಹೆಂಗಸು ವಿಮಾನ ಹತ್ತಿದಳು.

ಆ ಮನೆಯವರು ಮೊದಲ ದಿನವೇ ಅವಳ ಪಾಸ್‌ಪೋರ್ಟ್ ಇಸಿದುಕೊಂಡು ಕಪಾಟಿನಲ್ಲಿಟ್ಟಿದ್ದರಂತೆ. ಎರಡು ವರ್ಷವಾದ ಮೇಲೆ, ಅವರ ಮಾತು ಬಾಯಿಗೆ ಬಂದ ಮೇಲೆ, ಮರೆವ್ವ ಕೇಳಿದಳು. ಅದನ್ನು ಅವಳೇ ನನಗೆ ಹೇಳಿದ್ದು: "ಅದು ನಂದೈತಿ, ನನ್ನ ಹಂತ್ಯಾಕ ಇರಲಿ ಅಂದ್ನಿ. ಯಜಮಾನಿ ಒಂದ್ ದಿನ ಮಾರಿ ಕೊಟ್ಟು ಮಾತಾಡ್ಲಿಲ್ಲ. ಮರುದಿನ ತಂದು ಕೈಯಾಗಿಟ್ಲು." ಅಲ್ಲಿನ ಮಕ್ಕಳು ಅಕ್ಷರ ತಿದ್ದುವಾಗ ಪಕ್ಕದಲ್ಲಿ ಕೂತು ಅವಳೂ ತಿದ್ದಿದಳು. ಹಾಗಾಗಿ ಕನ್ನಡವನ್ನು ಕೂಡಿಸಿ ಕೂಡಿಸಿ ಓದುವ ಮರೆವ್ವ ಅರಬ್ಬಿಯನ್ನು ಸರಾಗವಾಗಿ ಓದುತ್ತಾಳೆ.

ಹೊರಡುವ ವಾರದಲ್ಲಿ ಅವಳು ತನಗಾಗಿ ಕೊಂಡ ಒಂದೇ ಒಂದು ವಸ್ತು ಆ ಫೋನು. ತಮ್ಮ ಬಾಳೇಶನಿಗೆ, ಅವನ ಹೆಂಡತಿಗೆ, ಅವರ ಮಕ್ಕಳಿಗೆ ಏನೇನೋ ತಂದಿದ್ದಳು. ಅವರು ಇರುವ ಎರಡು ಕೋಣೆಯ ಸ್ಲ್ಯಾಬಿನ ಮನೆಯೂ ಅವಳ ದುಡಿಮೆಯದೇ. ಆದರೂ ಬಂದ ಮೂರನೆಯ ದಿನ ಬಾಳೇಶ ಫೋನಿಗೆ ಕೈಚಾಚಿದ.

ನೆಪಕ್ಕೆ ಕೊರತೆಯಿರಲಿಲ್ಲ. ಚಾರ್ಜರಿಗೆ ಮೂರು ಚೌಕ ಕಾಲುಗಳು, ನಮ್ಮ ಮನೆಗಳ ಪ್ಲಗ್ಗಿನ ತೂತಿಗೆ ಹೋಗುವುದಿಲ್ಲ. ಒಳಗಿರುವ ಸಿಮ್ ಅಲ್ಲಿಯದು. ಪರದೆಯ ಮೇಲೆ ಬರುವುದೆಲ್ಲ ಅರಬ್ಬಿ. ರಾಮದುರ್ಗದಲ್ಲಿ ತನ್ನ ಗೆಳೆಯ ಪರಶುವಿನ ಮೊಬೈಲ್ ಅಂಗಡಿಯಿದೆ, ಅವನು ಎಲ್ಲಾ ಬರೋಬ್ಬರಿ ಮಾಡಿ ಕೊಡುತ್ತಾನೆ ಎಂದ ಬಾಳೇಶ.

"ನಾನೂ ಬರತೇನಿ" ಎಂದಳು ಮರೆವ್ವ.

"ನೀ ಬಂದು ಏನ್ ಮಾಡ್ತಿ ಅಕ್ಕಾ? ನಿನಗ ಅದು ತಿಳಿಯಂಗಿಲ್ಲ. ಲಾಕ್ ಹೆಂಗ ತಗಿಯೂದು ಅಷ್ಟ ಹೇಳು."

ಹನ್ನೊಂದು ವರ್ಷ ಅದೇ ಭಾಷೆಯ ಫೋನು ಬಳಸಿದವಳಿಗೆ ತಿಳಿಯುವುದಿಲ್ಲವಂತೆ, ಆ ಅಕ್ಷರದಲ್ಲಿ ಒಂದನ್ನೂ ಅರಿಯದವನಿಗೆ ತಿಳಿಯುತ್ತದಂತೆ. ಆದರೆ ಬಹಳ ವರ್ಷದ ಮೇಲೆ ಮನೆಗೆ ಬಂದವಳು, ತಮ್ಮನ ಮಾತು ತೆಗೆದುಹಾಕಲು ಮನಸ್ಸಾಗಲಿಲ್ಲ. ಹೇಳಿಕೊಟ್ಟಳು.

ಎರಡು ದಿನದ ಮೇಲೆ ಫೋನು ಬಂತು. ಅದು ಇಂಗ್ಲಿಷ್ ಮಾತಾಡುತ್ತಿತ್ತು. ಬಾಳೇಶನ ಬೆರಳಿಟ್ಟರೆ ತೆರೆಯುತ್ತಿತ್ತು, ಮರೆವ್ವನ ಬೆರಳಿಗೆ ತೆರೆಯುತ್ತಿರಲಿಲ್ಲ. ಹೊಸ ಸಿಮ್ ಬಾಳೇಶನ ಆಧಾರ್ ಮೇಲೆ ತೆಗೆದದ್ದು. ಅಕ್ಕನ ಹೆಸರಲ್ಲಿ ತೆಗೆಯಲು ತಡವಾಗುತ್ತದೆ ಅಂದನಂತೆ. ಅವಳ ವಾಟ್ಸಾಪ್ ಹೋಗಿತ್ತು. ಅಲ್ಲಿಯ ಮಕ್ಕಳ ನಂಬರು, ಪಕ್ಕದ ಮನೆಯಲ್ಲಿ ಕೆಲಸಕ್ಕಿದ್ದ ಫಿಲಿಪ್ಪೀನ್ಸ್ ದೇಶದ ಗೆಳತಿ ರೋಸಲಿನ್‌ಳ ನಂಬರು, ಎಲ್ಲವೂ ಹೋಗಿದ್ದವು. ಹಳೆಯ ಸಿಮ್ ಎಲ್ಲಿ ಎಂದು ಕೇಳಿದರೆ, "ಅದೇನ್ ಮಾಡ್ತಿ, ಇಲ್ಲಿ ನಡಿಯಂಗಿಲ್ಲ" ಎಂಬ ಉತ್ತರ.

ಇದು ಮೊದಲನೆಯ ಅನ್ಯಾಯ. ಎರಡನೆಯದು ಒಂದು ವಾರದ ಮೇಲೆ ನನ್ನ ಫೋನಿಗೇ ಬಂತು.

ನಮ್ಮ ಊರಿನ ಹೆಣ್ಣುಮಕ್ಕಳ ಸಂಘಕ್ಕೆ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಯಾರೋ ಒಂದು ಫೋಟೊ ಹಾಕಿದರು. ಸಮುದ್ರದ ದಂಡೆ. ಮರೆವ್ವ ಪ್ಯಾಂಟು, ಬಿಳಿ ಅಂಗಿ ತೊಟ್ಟು ಬಾಯಿತುಂಬ ನಗುತ್ತಿದ್ದಾಳೆ. ಮುಂದೆ ಕೇಕು. ಒಂದು ಪಕ್ಕ ಒಬ್ಬ ಹೆಂಗಸು, ಇನ್ನೊಂದು ಪಕ್ಕ ಒಬ್ಬ ಗಂಡಸು. ಕೆಳಗೆ 'ಸುರೇಬಾನದ ಮಸ್ಕತ್ ಮೇಮ್‌ಸಾಬ್' ಎಂದು ಬರೆದಿತ್ತು. ಗಂಡಸರ ಗುಂಪಿನಿಂದ ದಾಟಿ ದಾಟಿ ನಮ್ಮ ಗುಂಪಿಗೆ ಬಂದದ್ದು. ಕೆಲವರು ನಗುವ ಮುಖದ ಗುರುತು ಹಾಕಿದರು. ನಾನು ನೋಡಿದೆ. ಏನೂ ಬರೆಯಲಿಲ್ಲ. ತೆಗೆಯಿರಿ ಎಂದೂ ಬರೆಯಲಿಲ್ಲ. ಫೋನು ಮಗುಚಿಟ್ಟು ಪತ್ರಿಕೆಗಳನ್ನು ಜೋಡಿಸುತ್ತ ಕೂತೆ.

ಮರುದಿನ ಮರೆವ್ವ ಗಿರಣಿಯಲ್ಲಿ ಜೋಳ ಬೀಸಿಸಲು ನಿಂತಿದ್ದಾಗ ಸಂಘದ ಮುಖ್ಯಸ್ಥೆ ಶಟ್ಟೆವ್ವ ಅವಳ ಬೆನ್ನಿಗೇ ನಿಂತು ಮತ್ತೊಬ್ಬಳಿಗೆ ಹೇಳಿದಳು: "ಗುಂಪಿನ್ಯಾಗಿನ ಫೋಟೊ ನೋಡಿದೇನ? ಅಡಗಿ ಮಾಡಾಕ ಹೋಗಿದ್ಲೋ ಏನ್ ಮಾಡಾಕ ಹೋಗಿದ್ಲೋ, ನೋಡಾಕ ಹೋದವ್ರು ಯಾರ್?"

ಗಿರಣಿಯ ಸದ್ದಿನಲ್ಲೂ ಅದು ಕೇಳಿಸಿತು. ಮರೆವ್ವ ಹಿಟ್ಟಿನ ಡಬ್ಬಿಯನ್ನು ಅಲ್ಲೇ ಬಿಟ್ಟು ನೇರವಾಗಿ ಗ್ರಂಥಾಲಯಕ್ಕೆ ಬಂದಳು. ಮೈಮೇಲೆಲ್ಲ ಹಿಟ್ಟಿನ ಧೂಳು. ಓದುತ್ತಿದ್ದ ಇಬ್ಬರು ಎದ್ದು ಹೋಗುವವರೆಗೆ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕೋರ, ನನ್ನ ಫೋಟೊ ಬಂದೈತಂತಲ್ರಿ. ನೀವೂ ನೋಡೀರೇನ್ರಿ?"

"ನೋಡೇನಿ, ಮರೆವ್ವಕ್ಕ."

"ನೋಡಿ ಏನಂದ್ರಿ?"

"ಏನೂ ಅನ್ಲಿಲ್ಲ."

ಅವಳು ನನ್ನನ್ನು ದಿಟ್ಟಿಸಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. "ತೋರಸ್ರಿ" ಎಂದಳು. ತೋರಿಸಿದೆ. ಫೋಟೊದ ಹೆಂಗಸಿನ ಮೇಲೆ ಬೆರಳಿಟ್ಟಳು. ಆಮೇಲೆ ಹೇಳಿದಳು: "ಇಕಿ ರೋಸಲಿನ್ ರಿ. ನನಗ ಜ್ವರಾ ಬಂದು ಒಂಬತ್ ದಿನ ಮಲಗಿದಾಗ, ತನ್ನ ಮನಿ ಕೆಲಸ ಮುಗಿಸಿ ಬಂದು ನನಗ ಗಂಜಿ ಕುಡಿಸ್ತಿದ್ಲು. ಇವ ಅಕಿ ಗಂಡ, ಡ್ರೈವರ್. ಅವತ್ತ ಅಕಿ ಹುಟ್ಟಿದ ದಿನ. ಸೀರಿ ತೊಯ್ತದ ಅಂತ ತನ್ನ ಪ್ಯಾಂಟ್ ಕೊಟ್ಟಿದ್ಲು. ಹನ್ನೊಂದ್ ವರ್ಷದಾಗ ಸಮುದ್ರದ ದಂಡಿಗೆ ಹೋಗಿದ್ದು ಅದೊಂದ ಸಲ." ಫೋನು ನನಗೆ ಮರಳಿಸುತ್ತ ಅಂದಳು: "ಪರಕೀ ಮನ್ಯಾಗ ಯಾರೂ ನನ್ನ ಟ್ರಂಕ್ ತಗದು ನೋಡ್ಲಿಲ್ರಿ. ನಮ್ಮ ಊರಾಗ ನೋಡಿದ್ರು."

ಮರುದಿನ ಬೆಳಿಗ್ಗೆ ಗ್ರಂಥಾಲಯಕ್ಕೆ ಬೀಗ ಹಾಕಿ ನಾವಿಬ್ಬರೂ ರಾಮದುರ್ಗದ ಬಸ್ಸು ಹತ್ತಿದೆವು. ಮರೆವ್ವ ಚೀಲದಲ್ಲಿ ಫೋನಿನ ಡಬ್ಬಿ, ಬಿಲ್ಲು, ಆಧಾರ್ ಎಲ್ಲ ಇಟ್ಟುಕೊಂಡಿದ್ದಳು.

ಪರಶುವಿನ ಅಂಗಡಿ ಬಸ್ ಸ್ಟ್ಯಾಂಡಿನ ಆಚೆ, ಮೂರು ನಾಲ್ಕು ಮಂದಿ ನಿಲ್ಲುವಷ್ಟೇ ಜಾಗ. ಗಾಜಿನ ಮೇಜು, ಹಿಂದೆ ಕಂಪ್ಯೂಟರು. ಮರೆವ್ವ ಫೋನನ್ನು ಮೇಜಿನ ಮೇಲಿಟ್ಟು ಕೈ ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ.

"ಇದರಾಗ ಯಾರ ಹೆಸರು ಹಾಕೀರಿ?"

"ಮೇಲ್ ಐಡಿ ಏನ್ರಿ ಅಕ್ಕಾರ? ಅಂಗಡಿದು ಹಾಕೇನ್ರಿ. ನಿಮ್ಮಂಥವ್ರಿಗೆ ಎಲ್ಲಾರಿಗೂ ಅದನ್ನ ಹಾಕತೇವ್ರಿ. ಹಳ್ಳಿ ಮಂದಿಗೆ ಪಾಸ್‌ವರ್ಡ್ ನೆಪ್ಪ ಇರಂಗಿಲ್ಲ."

ಇದರ ಅರ್ಥ ನನಗೆ ಆಗ ಪೂರ್ತಿ ಹೊಳೆಯಿತು. ಅಂಗಡಿಯ ಖಾತೆ ಇರುವ ಫೋನಿನಲ್ಲಿ ತೆಗೆದ ಫೋಟೊ ಅಂಗಡಿಗೆ ಹೋಗಬಹುದು. ಫೋನು ಎಲ್ಲಿದೆ ಎಂಬುದನ್ನು ಅಂಗಡಿಯಲ್ಲಿ ಕೂತು ನೋಡಬಹುದು. ಅಲ್ಲಿಂದಲೇ ಅದನ್ನು ಮುಚ್ಚಿಬಿಡಬಹುದು. ಈ ತಾಲ್ಲೂಕಿನಲ್ಲಿ ಎಷ್ಟು ಹೆಂಗಸರು ಇವನ ಕೀಲಿಕೈ ಇರುವ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿರಬಹುದು ಎಂದು ಯೋಚಿಸಿ ಮೈ ಉರಿಯಿತು.

"ಅದನ್ನ ತಗೀರಿ" ಎಂದಳು ಮರೆವ್ವ. "ನನ್ನ ಫೋಟೊ ನಿಮ್ಮ ಕಂಪ್ಯೂಟರಿನ್ಯಾಗ ಇದ್ರ ಅದನ್ನೂ ತಗೀರಿ. ನನ್ನ ಸಿಮ್ ಕೊಡ್ರಿ."

ಪರಶು ನಕ್ಕ. ಅಲ್ಲಿ ನಿಂತಿದ್ದ ಇನ್ನೊಬ್ಬ ಗಿರಾಕಿಯ ಕಡೆ ನೋಡಿ ನಕ್ಕ. "ಫೋನ್ ನಿಮ್ಮದ ಅಂತ ಏನ್ ಗುರುತ್ರಿ? ತಂದವ ಬಾಳೇಶ. ಹೊರದೇಶದ ಮಾಲು, ಕಳುವಿಂದೂ ಇರಬಹುದು. ಬಿಲ್ ಐತೇನ್ರಿ?"

ಮರೆವ್ವ ಚೀಲದಿಂದ ಬಿಲ್ಲು ತೆಗೆದು ಬಿಚ್ಚಿದಳು. ಪೂರ್ತಿ ಅರಬ್ಬಿ. ಪರಶು ಅದನ್ನು ಉಲ್ಟಾ ಸುಲ್ಟಾ ತಿರುಗಿಸಿದ. "ಇದನ್ನ ಯಾರು ಓದಬೇಕ್ರಿ?"

"ನಾ ಓದತೇನಿ."

ಅವಳು ಬಿಲ್ಲಿನ ಮೇಲೆ ಬೆರಳಿಟ್ಟು ಬಲಗಡೆಯಿಂದ ಓದಿದಳು: ಅಂಗಡಿಯ ಹೆಸರು, ತಾರೀಖು, ತನ್ನ ಹೆಸರು. ಪ್ರತಿಯೊಂದನ್ನೂ ಮೊದಲು ಅರಬ್ಬಿಯಲ್ಲಿ ಹೇಳಿ ಆಮೇಲೆ ಕನ್ನಡದಲ್ಲಿ ಹೇಳಿದಳು. ಕೊನೆಗೆ ಫೋನಿನ ಗುರುತಿನ ಹದಿನೈದು ಅಂಕಿ ಬಂದವು. ಬೀಗ ಹಾಕಿದ ಫೋನಿನಲ್ಲೂ ತುರ್ತು ಕರೆಯ ಪರದೆಯಲ್ಲಿ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಮತ್ತೆ ಹ್ಯಾಶ್ ಒತ್ತಿದರೆ ಆ ಅಂಕಿ ಕಾಣುತ್ತದೆ ಎಂದು ನನಗೆ ಗೊತ್ತಿತ್ತು. ಒತ್ತಿ ಪರಶುವಿನ ಮುಂದೆ ಹಿಡಿದೆ.

"ನೀವ್ ನೋಡಕೋತ ಹೋಗ್ರಿ" ಎಂದು ಮರೆವ್ವ ಒಂದೊಂದೇ ಅಂಕಿ ಓದಿದಳು. ಸಲಾಸಾ, ಮೂರು. ಖಮ್ಸಾ, ಐದು. ಸಿಫರ್, ಸೊನ್ನೆ. ಹದಿನೈದೂ ಕೂಡಿದವು. ಆ ಇನ್ನೊಬ್ಬ ಗಿರಾಕಿ ತನ್ನ ಕೆಲಸ ಮರೆತು ಎಣಿಸುತ್ತಿದ್ದ. "ಬರೋಬ್ಬರಿ ಐತಲ್ಲೋ ಪರಶ್ಯಾ, ಅಕಿದು ಅಕಿಗೆ ಕೊಡು" ಎಂದ.

ಪರಶು ಕಂಪ್ಯೂಟರಿನ ಕಡೆ ತಿರುಗಿದ. ಅದರಲ್ಲಿ 'ಮಸ್ಕತ್' ಎಂಬ ಹೆಸರಿನ ಫೋಲ್ಡರ್ ಇತ್ತು. ನಾನು ಮೇಜಿನ ಹಿಂಬದಿಗೆ ಹೋಗಿ ಅವನ ಪಕ್ಕದಲ್ಲೇ ನಿಂತೆ. ಮರೆವ್ವನ ಎಲ್ಲ ಫೋಟೊಗಳು ಅಲ್ಲಿದ್ದವು. ಅದರ ಮೇಲೆ ಕೆಳಗೆ ಬೇರೆ ಬೇರೆ ಹೆಂಗಸರ ಹೆಸರಿನ ಫೋಲ್ಡರುಗಳೂ ಇದ್ದವು.

"ಇವು ಯಾಕ?" ಎಂದೆ.

"ಬ್ಯಾಕಪ್ ರಿ. ಗಿರಾಕಿ ಡೇಟಾ ಹೋದ್ರ ನಮ್ಮ ಮ್ಯಾಲೆ ಬರತಾರ. ನಾ ಯಾರ್ದೂ ಎಲ್ಲೂ ಹಾಕಿಲ್ರಿ." ಮರೆವ್ವ ಏನೋ ಹೇಳಹೊರಟಳು, ಅವನು ಅವಸರದಿಂದ ಮುಂದುವರಿಸಿದ: "ನಿಮ್ಮ ಫೋಟೊ ಗ್ರೂಪಿಗೆ ಹಾಕಿದಾವ ನಾನಲ್ರಿ. ನಿಮ್ಮ ತಮ್ಮ ಇಲ್ಲೆ, ಈ ಕುರ್ಚಿ ಮ್ಯಾಲ ಕುಂತು, ಕಂಪ್ಯೂಟರಿನ್ಯಾಗ ನೋಡಿ, ಅದೊಂದನ್ನ ತನ್ನ ಫೋನಿಗೆ ತಗೊಂಡ. ನಕ್ಕೋತ ಕಳಿಸಿದ."

ಮರೆವ್ವ ಆ ಪ್ಲಾಸ್ಟಿಕ್ ಕುರ್ಚಿಯನ್ನು ನೋಡಿದಳು. ಅದರ ಮೇಲೆ ಕೂರಲಿಲ್ಲ. ಮೇಜಿನ ಅಂಚು ಹಿಡಿದು ನಿಂತಳು. ಅವಳ ಮುಖದಲ್ಲಿ ಅಳು ಬರಬಹುದೆಂದು ಹೆದರಿದೆ. ಬಂದದ್ದು ಅಳುವಲ್ಲ.

"ಅವನ ಹಿಸಾಬು ಅವನ ಕೂಡ ಮಾಡ್ತೇನಿ. ನೀವ್ ನಂದು ನನ್ನ ಮುಂದ ಅಳಸ್ರಿ. ಆಮ್ಯಾಲ ಈ ಹೆಣಮಕ್ಕಳ್ದೂ ಅಳಸ್ರಿ."

"ಅವ್ರು ಕೇಳಿಲ್ಲಲ್ರಿ."

"ಅವ್ರಿಗೆ ಗೊತ್ತಿಲ್ಲ, ಅದಕ್ಕ ಕೇಳಿಲ್ಲ. ಇಲ್ಲಾಂದ್ರ ಒಬ್ಬೊಬ್ಬರ ಹೆಸರೂ ಬರಕೊಂಡು ಅವ್ರ ಮನೀಗೆ ಹೋಗಿ ಹೇಳ್ತೇನಿ. ಅಕ್ಕೋರು ಬರಕೋತಾರ."

ನಾನು ಪೆನ್ನು ತೆಗೆದೆ. ಪರಶು ಅಳಿಸಿದ. ಅಳಿಸಿದ್ದನ್ನು ಮತ್ತೆ ಕಂಪ್ಯೂಟರಿನ ಕಸದ ಬುಟ್ಟಿಯಿಂದಲೂ ಅಳಿಸಿದ. ಮತ್ತೆಲ್ಲೂ ಪ್ರತಿ ಇಟ್ಟುಕೊಂಡಿಲ್ಲ ಎಂಬುದಕ್ಕೆ ಅವನ ಮಾತೇ ಸಾಕ್ಷಿ, ಆ ಮಾತನ್ನು ನಾನು ಇಂದಿಗೂ ನಂಬಿಲ್ಲ. ತನ್ನ ಪಾಸ್‌ವರ್ಡ್ ಹಾಕಿ ಫೋನಿನಿಂದ ಅಂಗಡಿಯ ಖಾತೆ ತೆಗೆದ, ಫೋನನ್ನು ಖಾಲಿ ಮಾಡಿದ. ಹೊಸದಾಗಿ ಸೆಟ್ ಮಾಡಿ ಕೊಡಲೇ ಎಂದು ಕೇಳಿದ. "ಬ್ಯಾಡ" ಎಂದಳು ಮರೆವ್ವ. ಸಿಮ್ ಕೇಳಿದಾಗ ಒಂದು ಪ್ಲಾಸ್ಟಿಕ್ ಡಬ್ಬಿ ಮುಂದೆ ನೂಕಿದ. ಉಗುರಿನಷ್ಟು ಸಿಮ್‌ಗಳು ನೂರಾರು, ಯಾರು ಯಾರವೋ. ಮರೆವ್ವ ಅದನ್ನು ಮೇಜಿನ ಮೇಲೆ ಸುರಿದು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿದಳು. ಅರಬ್ಬಿ ಅಕ್ಷರವಿದ್ದದ್ದು ಒಂದೇ ಇತ್ತು.

ಅಲ್ಲಿಂದ ಕಂಪನಿಯ ಸಿಮ್ ಕೇಂದ್ರಕ್ಕೆ ಹೋದೆವು. ಅವಳ ಆಧಾರ್ ಕೊಟ್ಟು, ಅವಳ ಮುಖದ ಫೋಟೊ ತೆಗೆಸಿ, ಅವಳದೇ ಹೆಸರಿನಲ್ಲಿ ಸಿಮ್ ತೆಗೆದುಕೊಂಡೆವು. ತಡವಾಗುತ್ತದೆ ಎಂದಿದ್ದ ಬಾಳೇಶ. ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಮಧ್ಯಾಹ್ನ ಗ್ರಂಥಾಲಯದ ಬಾಗಿಲು ಮುಚ್ಚಿಕೊಂಡು ಫೋನು ಹಚ್ಚಿದೆವು. ಭಾಷೆ ಯಾವುದು ಎಂದು ಅದು ಕೇಳಿತು. ಮರೆವ್ವ ಪಟ್ಟಿಯಲ್ಲಿ ಬೆರಳಾಡಿಸಿ ಕನ್ನಡ ಒತ್ತಿದಳು. "ಹಗೂರಕ ಓದತೇನಿ, ಓದತೇನಿ" ಎಂದಳು. ಬೀಗಕ್ಕೆ ಬೆರಳ ಗುರುತು ಇಡಲು ನೋಡಿದೆವು. ಎಷ್ಟು ಸಲ ಒತ್ತಿದರೂ ಫೋನು ಗುರುತು ಹಿಡಿಯಲಿಲ್ಲ. ಹನ್ನೊಂದು ವರ್ಷ ಕ್ಲೋರಿನ್ನು, ಸೋಪು, ಬಿಸಿನೀರು ಕೂಡಿ ಅವಳ ಬೆರಳ ಗೆರೆಗಳನ್ನು ಉಜ್ಜಿಹಾಕಿದ್ದವು. ಅವಳು ತನ್ನ ಬೆರಳನ್ನೇ ಒಮ್ಮೆ ನೋಡಿಕೊಂಡು, "ಅಂಕಿ ಇಡ್ರಿ" ಎಂದಳು. ಆರು ಅಂಕಿ ಒತ್ತುವಾಗ ನಾನು ಮುಖ ತಿರುಗಿಸಿದೆ. ಅವಳು ತಿರುಗಿಸಿ ಎಂದಿರಲಿಲ್ಲ, ಆದರೆ ನಾನು ತಿರುಗಿಸುತ್ತೇನೋ ಇಲ್ಲವೋ ಎಂದು ಕಾಯುತ್ತಿದ್ದಳು.

ಅವಳ ಸ್ವಂತ ಖಾತೆಯನ್ನು ಮಸ್ಕತ್ ಮನೆಯ ಹಿರಿಯ ಹುಡುಗಿ ಮಾಡಿಕೊಟ್ಟಿದ್ದಳು. ಪಾಸ್‌ವರ್ಡ್ ಮರೆವ್ವನಿಗೆ ಬಾಯಿಪಾಠ. ನೆಪ್ಪಿರುವುದಿಲ್ಲ ಅಂದವನಿಗೆ ಕೇಳಿಸಬೇಕಿತ್ತು ಅದು. ಆದರೆ ಖಾತೆ ತೆರೆಯಲು ಹಳೆಯ ನಂಬರಿಗೆ ಒಂದು ಗುಪ್ತಸಂಖ್ಯೆ ಬರಬೇಕು. ಅದಕ್ಕೇ ಆ ಸಿಮ್ ಬೇಕಾಗಿದ್ದದ್ದು. ಎರಡು ಸಿಮ್‌ಗೂ ಜಾಗವಿದ್ದ ಫೋನು, ಎರಡನ್ನೂ ಹಾಕಿದೆವು. ಹಳೆಯದು ನೆಟ್‌ವರ್ಕ್ ಹುಡುಕುತ್ತಲೇ ಇತ್ತು. ಅರ್ಧ ತಾಸು ಕಳೆಯಿತು. ಮರೆವ್ವ ಕಿಟಕಿಯ ಹತ್ತಿರ ಫೋನು ಹಿಡಿದು ನಿಂತೇ ಇದ್ದಳು. ಸಂಖ್ಯೆ ಬಂತು. ಅದನ್ನು ಹಾಕಿದೊಡನೆ ಹೋಗಿದ್ದ ಹೆಸರುಗಳು, ಫೋಟೊಗಳು ಒಂದೊಂದಾಗಿ ಪರದೆಯ ಮೇಲೆ ಇಳಿದವು. ಅವಳು ರೋಸಲಿನ್ ಹೆಸರನ್ನು ಮುಟ್ಟಿದಳು, ಕರೆ ಮಾಡಲಿಲ್ಲ, ಮುಟ್ಟಿ ಬಿಟ್ಟಳು.

ವಾಟ್ಸಾಪನ್ನು ಹಳೆಯ ನಂಬರಿನಲ್ಲಿ ತೆರೆದು, ಅಲ್ಲಿಂದಲೇ ಹೊಸ ನಂಬರಿಗೆ ಬದಲಿಸಿದೆವು. ಹಳೆಯ ನಂಬರು ನಾಳೆ ಅಲ್ಲಿ ಯಾರ ಪಾಲಿಗೆ ಹೋಗುತ್ತದೋ, ಅವರ ಕೈಗೆ ಇವಳ ಮಾತು ಸಿಗಬಾರದು. ವಾಟ್ಸಾಪಿಗೆ ಒಂದು ಬೇರೆ ಗುಪ್ತಸಂಖ್ಯೆ ಇಟ್ಟೆವು. ಖಾತೆಗೂ ಹೊಸ ನಂಬರನ್ನೇ ಸೇರಿಸಿದೆವು. ಫೋನು ಕಳೆದರೆ ಹುಡುಕುವ ಬಗೆ ತೋರಿಸಿದೆ. ಪ್ರತಿಯೊಂದನ್ನೂ ಅವಳ ಕೈಯಿಂದಲೇ ಒತ್ತಿಸಿದೆ. ಒಂದೆರಡು ಕಡೆ ನಾನೇ ತಪ್ಪಿದೆ, ಅವಳೇ ತಿದ್ದಿದಳು.

ಸಂಜೆ ಅವಳ ಜೊತೆ ಮನೆಯವರೆಗೆ ಹೋದೆ. ಬಾಳೇಶ ತನ್ನ ಟೆಂಪೋ ತೊಳೆಯುತ್ತಿದ್ದ. ಮರೆವ್ವ ಅವನ ಹೆಸರಿನ ಸಿಮ್ಮನ್ನು ಅವನ ಅಂಗೈಯಲ್ಲಿಟ್ಟಳು.

"ಫೋಟೊ ನೀ ಹಾಕಿದಿ ಅಂತಲ್ಲ."

ಅವನು ಮೊದಲು ಇಲ್ಲ ಎಂದ. ಪರಶುವಿನ ಕುರ್ಚಿಯ ಮಾತು ಬಂದಾಗ, "ಚಾಷ್ಟಿಗೆ, ನಗಾಕಂತ ಹಾಕಿದ್ನಿ ಅಕ್ಕಾ. ಅದರಾಗ ಏನೈತಿ?" ಎಂದ.

"ಏನೂ ಇಲ್ಲಂದ್ರ ಅದೇ ಗುಂಪಿನ್ಯಾಗ ಬರಿ. ಆಕಿ ರೋಸಲಿನ್, ಇವ ಅಕಿ ಗಂಡ, ನಮ್ಮಕ್ಕ ಹುಟ್ಟಹಬ್ಬಕ್ಕ ಹೋಗಿದ್ಲು, ನಾ ಕೇಳದ ಹಾಕೇನಿ ಅಂತ ಬರಿ."

"ಮಂದಿ ಎಲ್ಲಾ ಮರತಾರ. ಈಗ ಬರದ್ರ ಮತ್ತ ಎಬ್ಬಿಸಿದಂಗ ಆಗತೈತಿ."

"ಮಂದಿ ಮರಿಯೂದು ನಿನ್ನ ಹೆಸರನ್ನ. ನನ್ನ ಹೆಸರು ಮರಿಯಂಗಿಲ್ಲ."

ಅವನು ಬರೆಯಲಿಲ್ಲ. ಅಂದೂ ಬರೆಯಲಿಲ್ಲ, ಮರುದಿನವೂ ಬರೆಯಲಿಲ್ಲ. ಅವನ ಹೆಂಡತಿ ಎರಡು ದಿನ ಮರೆವ್ವನಿಗೆ ಬೇರೆ ತಟ್ಟೆಯಲ್ಲಿ ಮುಚ್ಚಿಟ್ಟು ಊಟ ಕೊಟ್ಟಳು, ತನ್ನ ಗಂಡನಿಗೆ ಅಂಜಿಯೋ, ಅತ್ತಿಗೆಗೆ ಅಂಜಿಯೋ. ಮೂರನೆಯ ದಿನದಿಂದ ಮರೆವ್ವ ತಾನೇ ಒಲೆ ಹಚ್ಚಿದಳು. ಮನೆ ಬಿಟ್ಟು ಹೋಗು ಎಂದು ಯಾರಿಗೂ ಹೇಳಲಿಲ್ಲ. ಆದರೆ ಆ ಮನೆ ಯಾರ ಹೆಸರಿನಲ್ಲಿದೆ ಎಂಬುದನ್ನು ಪಂಚಾಯಿತಿಗೆ ಬಂದು ತೆಗೆಸಿ ನೋಡಿಕೊಂಡಳು. ಅವಳ ಹೆಸರಿನಲ್ಲೇ ಇತ್ತು. ಆ ಕಾಗದವನ್ನು ನನ್ನ ಕೈಯಲ್ಲಿ ಓದಿಸಿ ತನ್ನ ಟ್ರಂಕಿನಲ್ಲಿಟ್ಟಳು.

ಗುರುವಾರ ಸಂಘದ ಸಭೆ ಗ್ರಂಥಾಲಯದ ಪಡಸಾಲೆಯಲ್ಲಿ ಸೇರಿತ್ತು. ಇಪ್ಪತ್ತು ಇಪ್ಪತ್ತೆರಡು ಮಂದಿ. ಮರೆವ್ವ ಸದಸ್ಯೆಯಲ್ಲ. ಬಂದು ನಡುವೆ ನಿಂತು, ಫೋನು ತೆರೆದು, ಅದೇ ಫೋಟೊ ಹಿಡಿದಳು. ಎಲ್ಲರೂ ನೋಡಿದ್ದ ಫೋಟೊ. ಈಗ ಯಾರೂ ಕಣ್ಣು ಹಾಯಿಸಲಿಲ್ಲ.

"ನೋಡ್ರಿ. ಕದ್ದು ನೋಡೀರಿ, ಈಗ ನಾ ತೋರಸಾಕ ಹತ್ತೇನಿ, ನೋಡ್ರಿ" ಎಂದಳು.

ಒಬ್ಬೊಬ್ಬರ ಮುಂದೆ ಬಗ್ಗಿ ತೋರಿಸಿದಳು. ಫೋನನ್ನು ಯಾರ ಕೈಗೂ ಕೊಡಲಿಲ್ಲ. ಇಕಿ ಯಾರು, ಇವ ಯಾರು, ಪ್ಯಾಂಟು ಯಾರದು ಎಂದು ಪ್ರತಿಯೊಬ್ಬರಿಗೂ ಮೊದಲಿಂದ ಹೇಳಿದಳು. ಬೇಸರವಿಲ್ಲದೆ, ದನಿ ಏರಿಸದೆ, ಇಪ್ಪತ್ತು ಸಲ. ಶಟ್ಟೆವ್ವನ ಮುಂದೆ ಬಂದಾಗ ಸ್ವಲ್ಪ ಹೆಚ್ಚು ಹೊತ್ತು ನಿಂತಳು.

"ಏನ್ ಕೆಲಸ ಮಾಡ್ತಿದ್ನಿ ಅಂತ ನೋಡಾಕ ಯಾರೂ ಬರಲಿಲ್ಲ ಅಂದಿದ್ದಿಯಲ್ಲ ಶಟ್ಟೆವ್ವಾ, ಕೇಳು. ಮುಂಜಾನೆ ಐದಕ್ಕೆ ಏಳತಿದ್ನಿ." ಹಾಗೆ ಶುರು ಮಾಡಿ ಒಂದು ದಿನದ ಕೆಲಸವನ್ನು ಪೂರ್ತಿ ಹೇಳಿದಳು. ಕಸ, ಮುಸುರೆ, ಮಕ್ಕಳ ಡಬ್ಬಿ, ಒಣಗಿದ ಬಟ್ಟೆ, ಮುದುಕಿಯ ಕಾಲು ಒತ್ತುವುದು, ಎಲ್ಲ. ಶಟ್ಟೆವ್ವ ಸೆರಗಿನ ಅಂಚನ್ನು ತಿರುವುತ್ತ ಕೂತಿದ್ದಳು. ಕ್ಷಮೆ ಕೇಳಲಿಲ್ಲ. ಆದರೆ ಸಭೆ ಮುಗಿಯುವ ಹೊತ್ತಿಗೆ ಗುಂಪಿನಿಂದ ಆ ಫೋಟೊ ಕಾಣೆಯಾಗಿತ್ತು. ಯಾರು ಅಳಿಸಿದರೆಂದು ಗುಂಪಿನಲ್ಲೇ ಕಾಣುತ್ತದೆ, ನಾನು ಹೇಳುವುದಿಲ್ಲ.

ಗಂಡಸರ ಗುಂಪಿನಲ್ಲಿ ಅದು ಈಗಲೂ ಇದೆ. ಯರಗಟ್ಟಿಯ ಕಡೆಯವರೊಬ್ಬರು ನೋಡಿದ್ದಾಗಿ ಮೊನ್ನೆ ಹೇಳಿದರು. ಅಷ್ಟು ದೂರ ಹೋದದ್ದನ್ನು ತರುವುದು ಹೇಗೆ ಎಂದು ನನಗೆ ಗೊತ್ತಿಲ್ಲ, ಮರೆವ್ವನಿಗೂ ಗೊತ್ತಿಲ್ಲ.

ಈಗ ಅವಳು ರಾಮದುರ್ಗದ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಹೋಗುತ್ತಾಳೆ. ಭಾನುವಾರ ಮಧ್ಯಾಹ್ನ ರೋಸಲಿನ್ ಜೊತೆ ಮಾತಾಡುತ್ತಾಳೆ, ಅರ್ಧ ಅರಬ್ಬಿ, ಅರ್ಧ ಇನ್ನೇನೋ. ಕಳೆದ ವಾರ ನಾನು ಅವರ ಮನೆಯಲ್ಲಿದ್ದಾಗ ಬಾಳೇಶನ ಫೋನು ಸತ್ತಿತ್ತು. ಅವನು ಅಕ್ಕನ ಮುಂದೆ ಬಂದು, ಮೊದಲಿನ ಹಾಗೆಯೇ ಕೈಚಾಚಿ, "ಫೋನ್ ಕೊಡ, ಟೆಂಪೋ ಬಾಡಿಗಿಗೆ ಒಬ್ಬಾವನ ಕರೀಬೇಕು" ಎಂದ.

"ನಂಬರ್ ಹೇಳು, ನಾ ಹಚ್ಚಿ ಕೊಡತೇನಿ" ಎಂದಳು ಮರೆವ್ವ.

ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ, ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದ. ಆಮೇಲೆ ನಿಂತು, ಬೆನ್ನು ಮಾಡಿಕೊಂಡೇ, ನಂಬರು ಹೇಳತೊಡಗಿದ.